ನಲವತ್ತು ಎಣಿಸುವ ತನಕ

ಅಘನಾಶಿನಿಯ ಕೆಸರಿಗೆ ಮೂರು ಕಾಲು ಊರಿ
ಪೆಟ್ಟಿಗೆ ನಿಲ್ಲಿಸಿದ್ದೇನೆ. ಇಳಿತ ಮುಗಿಯುತ್ತ ಬಂತು.
ಹೋಲ್ಡರಿನಲ್ಲಿ ಉಳಿದದ್ದು ಒಂದೇ ಹಾಳೆ.

ಕರಿಬಟ್ಟೆಯೊಳಗೆ ತಲೆ ತೂರಿಸಿದರೆ
ಬೆವರು, ನುಸಿಗುಳಿಗೆಯ ವಾಸನೆ.
ಮಸುಕು ಗಾಜಿನ ಮೇಲೆ
ಕಾಂಡ್ಲಾ ಗಿಡಗಳು ಬೇರು ಮೇಲಾಗಿ ತೂಗುತ್ತಿವೆ,
ಹೊಳೆ ನೆತ್ತಿಯ ಮೇಲಿದೆ.

'ಯಾರು ಸತ್ತದ್ದು, ಬಟ್ಟೆ ಮುಚ್ಕಂಡು ಅಳ್ತ್ರಲ್ಲ?'
ಬೆಳಚು ಹೆಕ್ಕುವ ಬೀರಮ್ಮ. ಸೊಂಟಕ್ಕೊಂದು ಹಗ್ಗ,
ಹಗ್ಗದ ತುದಿಗೆ ತೇಲುವ ಬೋಗುಣಿ.
ಕರೆದು ತೋರಿಸಿದೆ.
ಬಹಳ ಹೊತ್ತು ಮಾತಿಲ್ಲ. ಆಮೇಲೆ ಬಟ್ಟೆಯೊಳಗಿಂದಲೇ,
'ನೀರು ಚೆಲ್ಲೂದಿಲ್ವಾ?'

ಮಬ್ಬು. ಈ ಹೊತ್ತಿಗೆ ಫಿಲ್ಮಿಗೂ ಮೈಗಳ್ಳತನ,
ಹದಿನೈದು ಸಾಕೆನ್ನುವಲ್ಲಿ ನಲವತ್ತು ಕೊಡಬೇಕು.
ನೀವು ಹೆಕ್ಕುತ್ತಲೇ ಇರಿ ಅಂದೆ,
ಅಲ್ಲಾಡುವವರು ಇದರಲ್ಲಿ ಬರುವುದಿಲ್ಲ.
'ಹಂಗಾರೆ ನಾ ನಿಂತ್ಕಣ್ತೆ.'

ನಿಂತಳು. ಒಂದು ಕೈ ಸೊಂಟದ ಮೇಲೆ.
ಒಂದು, ಎರಡು,
ಹತ್ತೊಂಬತ್ತು, ತದಡಿಯ ಬೋಟೊಂದು ಅಡ್ಡ ಹಾಯಿತು,
ಇಪ್ಪತ್ತಾರು, ಅದರ ಅಲೆ ಅವಳ ಮೊಣಕಾಲಿಗೆ ಬಡಿದು
ನಾನೇ ಒಂದು ಅಂಕಿ ತಪ್ಪಿದೆ.
ಅವಳು ತಪ್ಪಲಿಲ್ಲ.

ಕುಮಟೆಯ ಬಚ್ಚಲ ಕತ್ತಲಲ್ಲಿ ತೊಳೆದು
ದೀಪ ಹಾಕಿದಾಗ ಬೋಟು ಇಲ್ಲ.
ಬೋಗುಣಿ ಒಂದು ಗೀಚು. ಹೊಳೆಯೆಂಬುದು ಹೊಗೆ.
ನಡುವೆ, ಸೀರೆಯ ಒಂದೊಂದು ನೆರಿಗೆ ಸಮೇತ,
ನರೆಗೂದಲು ಕಪ್ಪಾಗಿ, ಕಪ್ಪು ಮುಖ ಬೆಳ್ಳಗಾಗಿ
ಬೀರಮ್ಮ.
ಎಷ್ಟು ಸಲ ರೆಪ್ಪೆ ಬಡಿದಳೋ, ಒಂದೂ ದಾಖಲಿಲ್ಲ.

ಒಣಗಲೆಂದು ಕ್ಲಿಪ್ಪಿಗೆ ಸಿಕ್ಕಿಸಿದೆ,
ನೋಡಿದರೆ ತಲೆಕೆಳಗು.
ಹೊಳೆಯಿಂದ ಜಾರಿ, ಅವಳನ್ನು ದಾಟಿ, ಆಕಾಶ ದಾಟಿ
ಒಂದು ಹನಿ
ಬಚ್ಚಲ ಕಲ್ಲಿಗೆ ಬಿತ್ತು.