ಎಷ್ಟು ದಿನದಿಂದ

ಅಲ್ ಕೂಜ್‌ನ ಕ್ಲಿನಿಕ್ಕಿನಲ್ಲಿ ಎರಡನೇ ಕೌಂಟರು ನನ್ನದು.
ಗಾಜಿನಲ್ಲಿ ಮಾತಿಗೊಂದು ತೂತು,
ಇನ್ಶೂರೆನ್ಸ್ ಕಾರ್ಡಿಗೊಂದು ಸಂದು.

ಹುಮನಾಬಾದಿನ ಝರೆಪ್ಪ, ಜಿಪ್ಸಂ ಕೆಲಸದವ,
ಹುಬ್ಬಿನ ಮೇಲೂ ಬಿಳಿ ಪುಡಿ.
ದುಬೈಗೆ ಬಂದು ಎರಡು ತಿಂಗಳು.
ಫಾರಂ ನೋಡುತ್ತ ಕೇಳಿದೆ: ಎಷ್ಟು ದಿನದಿಂದ?

ಕೇಳಿದ್ದು ಕನ್ನಡದಲ್ಲಿ. ತಪ್ಪಿದ್ದು ಅಲ್ಲೇ.
ಹಿಂದಿಯಲ್ಲಿ ಕೇಳಿದ್ದರೆ ಒಂದು ಗಳಿಗೆ ತಡೆಯುತ್ತಿದ್ದ.
ಮುಖವರಳಿ, ಮನೆಯವರಿಗೆ ಹೇಳುವಂತೆ ಹೇಳಿಬಿಟ್ಟ:
‘ಮೂರ್ ವರ್ಸ ಆಯ್ತರಿ ಅಕ್ಕಾ,
ಎಷ್ಟ್ ನೀರ್ ಕುಡದ್ರೂ ಬಾಯಿ ಒಣಗತದ.
ಊರಾಗ ಗುಳಿಗಿ ತಗೋತಿದ್ದೆ.’

ಬರೆದುಕೊಂಡೆ. ಮೂರು ವರ್ಷ.
ಹಳೆಯ ರೋಗಕ್ಕೆ ಮೊದಲ ಆರು ತಿಂಗಳು ಬಿಡಿಗಾಸಿಲ್ಲ
ಎಂಬ ಮಾತು ಕಾರ್ಡಿನ ಮೇಲಿಲ್ಲ,
ನಲವತ್ತೊಂದನೇ ಪುಟದಲ್ಲಿದೆ.
ಆ ಪುಟ ನನ್ನ ಡ್ರಾಯರಿನಲ್ಲಿದೆ.

‘ಕೇಳಿದ್ದಕ್ಕಷ್ಟೇ ಉತ್ತರ’ ಎನ್ನುತ್ತಾರೆ ಮ್ಯಾನೇಜರು.
ಅವನು ಕೇಳಲಿಲ್ಲ.
ಏನು ಕೇಳಬೇಕೆಂದು ಗೊತ್ತಿದ್ದವರೆಲ್ಲ
ಗಾಜಿನ ಈಚೆಗಿರುತ್ತಾರೆ.

ಮುನ್ನೂರ ಎಂಬತ್ತು ದಿರ್ಹಮ್.
ಬಿಲ್ಲು ನೋಡಲಿಲ್ಲ, ನನ್ನನ್ನು ನೋಡಿದ.
‘ಮೊದಲೇ ಹೇಳಬೇಕಿತ್ತರಿ.’
ಸಿಟ್ಟಿರಲಿಲ್ಲ ದನಿಯಲ್ಲಿ; ಇದ್ದಿದ್ದರೆ
ನನಗೆ ಆ ರಾತ್ರಿ ನಿದ್ದೆ ಬರುತ್ತಿತ್ತು.

ಈಗ ಡ್ರಾಯರು ಮೊದಲು, ಪ್ರಶ್ನೆ ಆಮೇಲೆ.
ಸುಳ್ಳು ಹೇಳಿ ಅನ್ನುವುದಿಲ್ಲ ಯಾರಿಗೂ.
ನಿಜ ಹೇಳಿದರೆ ಎಷ್ಟಾಗುತ್ತದೆಂದು ಓದಿ ಹೇಳಿ
ಪೆನ್ನು ಕೆಳಗಿಟ್ಟು ಕಾಯುತ್ತೇನೆ.

ಸಾಲು ಬಾಗಿಲು ದಾಟಿ ಬಿಸಿಲಿಗೆ ಹೋಗುತ್ತದೆ.
ಹಿಂದೆ ನಿಂತು ಮ್ಯಾನೇಜರು ಕೆಮ್ಮುತ್ತಾರೆ.
ಎಷ್ಟು ದಿನದಿಂದ ಎಂದು
ಅವರನ್ನು ಕೇಳಲು ಹೋಗುವುದಿಲ್ಲ.