ಬಂದದ್ದು ಯಾವಾಗ

ದೂರದ ಬೆಟ್ಟ ನುಣ್ಣಗೆ, ಸರಿ.
ಹತ್ತಿರದ ಬೆಟ್ಟಕ್ಕೆ ಯಾರೂ ಗಾದೆ ಕಟ್ಟಿದಂತಿಲ್ಲ.
ಹೋಬಾರ್ಟಿನಲ್ಲಿ ಅದು ಅಡುಗೆಮನೆಯ ಕಿಟಕಿಯಲ್ಲೇ ಇದೆ,
ಪಾತ್ರೆ ತೊಳೆಯುವವರ ಮುಖಕ್ಕೆ ಮುಖ ಕೊಟ್ಟು.
ಅದು ಮೋಡ ಹೊದ್ದರೆ ಊರಿಗೆ ಊರೇ ಸ್ವೆಟರ್ ಹುಡುಕುತ್ತದೆ.

ವಾರವಿಡೀ ನಾನು ಕಟ್ಟುವುದು ಹಲ್ಲಿನ ಸೆಟ್ಟು:
ಮೇಣದಲ್ಲಿ ಒಸಡು, ಅಳತೆಗೆ ತಕ್ಕ ದವಡೆಹಲ್ಲು.
ತುದಿಯ ಕೆಳಗೆ ಸಾಲಾಗಿ ನಿಂತ ಕಲ್ಲುಕಂಬಗಳನ್ನು
ಊರವರು ಆರ್ಗನ್ ಕೊಳವೆ ಎನ್ನುತ್ತಾರೆ.
ನನಗೆ ಕಾಣುವುದು ಮುದುಕನೊಬ್ಬನ ಕೆಳದವಡೆ,
ಒಂದೆರಡು ಉದುರಿವೆ, ಉಳಿದವು ಇನ್ನೂ ಕಬ್ಬು ಸಿಗಿಯುವಂಥವು.

ಭಾನುವಾರ. ಬಸ್ಸಿನಲ್ಲಿ ಅರ್ಧ ಗಂಟೆ.
ಇಳಿದು ರಸ್ತೆ ದಾಟಿದರೆ ಕಾಡು, ಪೀಠಿಕೆಯೇ ಇಲ್ಲ.
ಹಾದಿಯ ಬಾಯಲ್ಲೊಂದು ಮರದ ಗೂಡು,
ಒಳಗೆ ಗೆರೆ ಹಾಕಿದ ಪುಸ್ತಕ, ದಾರಕ್ಕೆ ಕಟ್ಟಿದ ಪೆನ್ಸಿಲ್.
ಹೆಸರು. ಎಷ್ಟು ಜನ. ಎಲ್ಲಿಗೆ.
ಹೋದದ್ದು ಯಾವಾಗ. ಬಂದದ್ದು ಯಾವಾಗ.

ಬರೆದೆ: ಹಾಲಮ್ಮ, ಒಬ್ಬಳೇ, ಸ್ಪ್ರಿಂಗ್ಸ್‌ವರೆಗೆ, ಒಂಬತ್ತೂಕಾಲು.
ನನ್ನ ಮೇಲಿನ ಸಾಲು ನಿನ್ನೆಯದು:
ಡಿ. ಪೈಬಸ್, ಒಬ್ಬರೇ, ತುದಿಗೆ, ಏಳೂ ಹತ್ತು.
ಕೊನೆಯ ಚೌಕ ಖಾಲಿ.
ಏಳರ ಸೊಂಟಕ್ಕೆ ಅಡ್ಡಗೆರೆ ಎಳೆಯುವ ಹಳೆಯ ಕೈ,
ಒತ್ತಿ ಬರೆದದ್ದು, ಹಿಂದಿನ ಹಾಳೆಯಲ್ಲೂ ಮೂಡಿತ್ತು.

ಮರೆತಿರಬೇಕು. ಯಾರು ಮರೆಯುವುದಿಲ್ಲ?

ಜರೀಗಿಡಗಳು ಆಳೆತ್ತರಕ್ಕೆ ಕೊಡೆ ಬಿಚ್ಚಿದ್ದವು.
ಅದರಾಚೆ ನೀಲಗಿರಿ, ಸಿಪ್ಪೆ ಸುಲಿದು ನೇತುಬಿಟ್ಟುಕೊಂಡು,
ನೆಗಡಿಯಾದಾಗ ಅವ್ವ ಬಿಸಿನೀರಿಗೆ ಬಿಡುತ್ತಿದ್ದ ಎರಡು ಹನಿ
ಇಲ್ಲಿ ಮೈಲಿಗಟ್ಟಲೆ ನಿಂತಿದೆ.
ಕೆಳಗೆ ನದಿ, ಸೇತುವೆ, ಆಟದ ಮೈದಾನದ ಶಿಳ್ಳೆ,
ನಗರ ಎಷ್ಟು ಹತ್ತಿರವೆಂದರೆ
ನಮ್ಮ ಬೀದಿಯ ನಾಯಿಯ ದನಿ ಗುರುತು ಹಿಡಿದೆ ಅನ್ನಿಸಿತು.
ಇಷ್ಟು ಹತ್ತಿರದಲ್ಲಿ ಯಾರು ಕಳೆದುಹೋಗುತ್ತಾರೆ?

ಆದರೂ ತಿರುವು ತಿರುವಿನಲ್ಲಿ ಇಣುಕುತ್ತಾ ಹೋದೆ.
ಕೊಂಬೆಗೆ ಯಾರೋ ಸಿಕ್ಕಿಸಿದ ಒಂಟಿ ಕೈಗವಸು,
ಐದೂ ಬೆರಳು ಮೇಲೆತ್ತಿ
ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗನ ಹಾಗೆ.
ನಾನು ಕೇಳಲಿಲ್ಲ.

ಓಡುತ್ತಾ ಇಳಿದು ಬಂದ ಹುಡುಗಿಯನ್ನು ತಡೆದೆ.
ಮೇಲೆ ಯಾರಾದರೂ ವಯಸ್ಸಾದವರು?
ನೋಡೋಕೆ ಹೇಗಿದ್ದಾರೆ ಅಂದಳು, ನಿಂತಲ್ಲೇ ಕುಣಿಯುತ್ತಾ.
ಗೊತ್ತಿಲ್ಲ. ಅವರು ಏಳು ಬರೆಯುವ ರೀತಿ ಗೊತ್ತು.
ಅವಳು ನನ್ನ ಬೂಟು ನೋಡಿದಳು, ಮುಖ ನೋಡಿದಳು,
ನೀರು ಬೇಕಾ ಎಂದು ಕೇಳಿದಳು.

ಸ್ಪ್ರಿಂಗ್ಸ್‌ನಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ.
ಇನ್ನೊಂದು ತಿರುವು, ಇನ್ನೊಂದು, ಹಾಗೆ
ಮರಗಳು ಗಿಡಗಳಾಗಿ, ಗಿಡಗಳು ಕಲ್ಲಿಗೆ ಅಂಟಿ,
ಕಡೆಗೆ ಆ ಹಲ್ಲುಗಳ ಬುಡಕ್ಕೇ ಬಂದು ಕೂತೆ.
ಡಬ್ಬಿ ತೆರೆದರೆ ಮಂಡಕ್ಕಿ ಆಗಲೇ ಮಂಜು ಕುಡಿದಿತ್ತು.
ಹಳದಿ ಕಣ್ಣಿನ ಕರೀ ಹಕ್ಕಿಯೊಂದು, ಕರವಾಂಗ್,
ನೋಡುನೋಡುತ್ತ ಚೀಲದ ಜಿಪ್ಪು ಎಳೆದು
ಕಡಲೆಬೀಜದ ಪೊಟ್ಟಣ ಹೊತ್ತೊಯ್ದಿತು. ಒಯ್ಯಲಿ.
ಗಾಳಿ ಅಂದರೆ ಗಾಳಿ, ನನ್ನ ಹಲ್ಲೇ ಕಟಕಟ.
"ಪೈಬಸ್!" ಎಂದು ಒಮ್ಮೆ ಕೂಗಿದೆ,
ಕೂಗಿ ನಾಚಿಕೊಂಡೆ.
ಕಲ್ಲು ಅರ್ಧ ಹೆಸರನ್ನು ಹಿಂದಿರುಗಿಸಿತು.

ಇಳಿಯುವಾಗ ಮೊಣಕಾಲಿಗೆ ಬೇರೆ ವಿಚಾರವಿರಲಿಲ್ಲ.
ಆಲಿಕಲ್ಲು ಶುರುವಾಯಿತು.
ಕಡೆಯ ಬಸ್ಸು ತಿರುವಿನಲ್ಲಿ ದೀಪ ತೋರಿಸಿತು,
ಕೈ ಬೀಸಿ, ಜಾರಿ, ಓಡಿ, ಹತ್ತಿದೆ.
ಗೂಡಿನ ಮುಂದೆಯೇ ಓಡಿದ್ದು.

ರಾತ್ರಿ ಪಾತ್ರೆ ತೊಳೆಯುತ್ತಿದ್ದ ಕೈ ನಿಂತಿತು.
ಕಿಟಕಿಯಲ್ಲಿ ಬೆಟ್ಟವಿಲ್ಲ, ಬರೀ ಕಪ್ಪು,
ಕಪ್ಪಿನಲ್ಲಿ ನನ್ನ ಮುಖ, ಸೋಪಿನ ನೊರೆ.
ಬಂದದ್ದು ಬರೆಯಲಿಲ್ಲ. ಅದಿರಲಿ,
ದಿನವಿಡೀ ಹುಡುಕಿದವರ ಸಾಲಿನತ್ತ
ಒಂದು ಸಲ ಕಣ್ಣು ಹಾಯಿಸಲೂ ಇಲ್ಲ.

ಆ ಪುಸ್ತಕದ ಲೆಕ್ಕದಲ್ಲಿ
ಈ ಹೊತ್ತು ನಾವಿಬ್ಬರು ಮೇಲಿದ್ದೇವೆ, ಒಬ್ಬರ ಕೆಳಗೊಬ್ಬರು.
ನಾಳೆ ಯಾರೋ ಗೂಡು ತೆರೆದು
ನನ್ನ ಹೆಸರಿನಲ್ಲಿ ತಡವರಿಸಿ, ಪೆನ್ಸಿಲ್ ಹಿಡಿದೇ
ಮೇಲೆ ನೋಡಬಹುದು.