ಮೊದಲ ಇಪ್ಪತ್ತೆಂಟು ನಿಮಿಷ

ಮೂವತ್ತೈದು ದಿರ್ಹಮ್ ಟಿಕೆಟ್ಟು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ
ಒಂದೇ ಒಂದು ಆಟ. ನಮ್ಮ ಸೆಲೂನು ತೆರೆಯುವುದು
ಜುಮ್ಮಾ ಮುಗಿದ ಮೇಲೆ, ಎರಡಕ್ಕೆ. ಹಾಗಾಗಿ ಹೋದೆ,
ಶಾರ್ಜಾದ ರೋಲಾದಿಂದ ದೇರಾದವರೆಗೆ ಬಸ್ಸಲ್ಲಿ ನಿಂತುಕೊಂಡೇ,
ಜೊತೆಗೆ ಟೈಲರ್ ಸಂಜೀವ, ಬೇಕರಿಯ ಮುಸ್ತಫಾ.

ಕಥೆ ಕೇಳಿದರೆ ನೀವೂ ಹೋಗುತ್ತಿದ್ದಿರಿ.
ಒಬ್ಬ ಕ್ಷೌರಿಕ. ಅವನ ಕತ್ತರಿ ಆಡುತ್ತಿರುವಷ್ಟು ಹೊತ್ತು
ಕುರ್ಚಿಯಲ್ಲಿ ಕೂತವನ ತಲೆಯೊಳಗಿನ ಮಾತು ಅವನಿಗೆ ಕೇಳಿಸುತ್ತದೆ.
ಕತ್ತರಿ ನಿಂತರೆ ಮಾತೂ ನಿಂತಿತು.
ಅಷ್ಟೆ.
ಇದನ್ನು ಯೋಚಿಸಿದವ ಯಾರೋ, ಅವನಿಗೊಂದು ನಮಸ್ಕಾರ,
ಒಂದು ದಿನವಾದರೂ ಆ ಕುರ್ಚಿಯ ಹಿಂದೆ ನಿಂತಿದ್ದಾನೆ.

ಊರ ಸಾಹುಕಾರ ಬಂದು ಕೂತ.
ಬೋಳುತಲೆ, ಕಿವಿಯ ಮೇಲೆ ಹನ್ನೆರಡು ಕೂದಲು.
ಗುಟ್ಟು ಪೂರ್ತಿ ಕೇಳಬೇಕು, ಕತ್ತರಿಸಲು ಕೂದಲಿಲ್ಲ!
ಹೀರೋ ಒಂದೊಂದೇ ಕೂದಲನ್ನು ನಾಲ್ಕು ನಾಲ್ಕು ಸಲ ಕತ್ತರಿಸಿದ.
ಥಿಯೇಟರು ಬಿದ್ದು ಬಿದ್ದು ನಕ್ಕಿತು. ನಾನು ನಗಲಿಲ್ಲ,
ಮುಂದಕ್ಕೆ ಬಾಗಿ ಕೂತೆ.
ಅವನು ಬಾಚಣಿಗೆ ಹಿಡಿದದ್ದೂ ಸರಿಯಾಗಿತ್ತು.

ಆಮೇಲೆ ಕತ್ತರಿಯನ್ನು ಮೇಜಿನ ಮೇಲಿಟ್ಟ.
ಮತ್ತೆ ಎತ್ತಿಕೊಳ್ಳಲೇ ಇಲ್ಲ.
ಹೀರೋಯಿನ್ ಬಂದಳು, ಅವಳಣ್ಣ ಬಂದ, ಅಣ್ಣನ ಹಿಂದೆ ನಾಲ್ಕು ಸುಮೋ.
ದಪ್ಪಗಿದ್ದವನನ್ನು ದಪ್ಪಗಿದ್ದಾನೆಂದು ನಕ್ಕರು,
ತೊದಲುವವನನ್ನು ತೊದಲುತ್ತಾನೆಂದು.
ಬಾಳೆಹಣ್ಣಿನ ಸಿಪ್ಪೆ, ಇವತ್ತಿಗೂ, ಅದರ ಮೇಲೊಬ್ಬ ಜಾರಿದ.
ನಮ್ಮ ಕಸುಬಿನ ಹೆಸರನ್ನೇ ಬೈಗುಳ ಮಾಡಿ ಒಂದು ಡೈಲಾಗು,
ಅದಕ್ಕೆ ಶಿಳ್ಳೆ. ಸಂಜೀವ ನನ್ನ ಕಡೆ ನೋಡದಂತೆ
ತನ್ನ ಚಪ್ಪಲಿ ಹುಡುಕಿದ.
ಹಾಡಿಗೆ ಅವರು ಎಲ್ಲಿಗೆ ಹೋದರು ಗೊತ್ತೇ?
ಇಲ್ಲಿಗೆ.
ಮರಳುದಿಬ್ಬ, ಒಂಟೆ, ಬಾಡಿಗೆಯ ಉದ್ದ ಕಾರು,
ಕಾರ್ನಿಷ್ ಮೇಲೆ ಕುಣಿಯುವ ಕೆಂಪಂಗಿಯವರು.
ಅವರ ಬೆನ್ನ ಹಿಂದೆ, ತೆರೆಯ ಎಡಮೂಲೆಯಲ್ಲಿ, ಒಂದೇ ಕ್ಷಣ,
ಹಸಿರು ಸಮವಸ್ತ್ರದವನೊಬ್ಬ ಕಸದ ಗಾಡಿ ನಿಲ್ಲಿಸಿ
ಇವರನ್ನೇ ನೋಡುತ್ತಿದ್ದ.
ಅವನ ತಲೆಯೊಳಗೆ ಏನಿತ್ತೋ.
ಕತ್ತರಿ ಮೇಜಿನ ಮೇಲಿತ್ತು.

ಹನ್ನೊಂದು ವರ್ಷ, ದಿನಕ್ಕೆ ಹದಿನೆಂಟು ತಲೆ.
ನನಗೇನೂ ಕೇಳಿಸುವುದಿಲ್ಲ. ಆದರೂ
ಸಂಬಳವಾಗದವನ ಕುತ್ತಿಗೆ ಕೈಗೆ ಗೊತ್ತಾಗುತ್ತದೆ.
ಊರಿಗೆ ಹೊರಟವ ಕನ್ನಡಿಯಲ್ಲಿ ತನ್ನನ್ನಲ್ಲ,
ಹಿಂದುಮುಂದಾದ ಗಡಿಯಾರವನ್ನು ನೋಡುತ್ತಾನೆ.
ಟ್ಯಾಕ್ಸಿಯ ಗುಲ್‌ಜಮಾನ್ ಗಡ್ಡಕ್ಕೆ ಬಣ್ಣ ಹಚ್ಚಿಸಿಕೊಂಡು
ಫೋನಿನಲ್ಲಿ ಮಗಳಿಗೆ ತೋರಿಸುತ್ತಾನೆ. ಅವಳೇನೆಂದಳೋ,
ತೊಳೆದುಬಿಡು ಎನ್ನುತ್ತಾನೆ.
ಇವರೆಲ್ಲರ ಮನಸ್ಸು ನಿಜಕ್ಕೂ ಕೇಳಿಸಿದರೆ?
ಪಶ್ತೋದಲ್ಲಿ ಕೇಳಿಸುತ್ತದೆ, ಬಂಗಾಳಿಯಲ್ಲಿ, ಅರಬ್ಬಿಯಲ್ಲಿ!
ಜಗತ್ತಿನ ಗುಟ್ಟೆಲ್ಲ ಕಿವಿಯೊಳಗೆ, ಒಂದಕ್ಷರ ಅರ್ಥವಾಗದು.
ಹಾಡಿನ ಬದಲು ಆ ಕತ್ತರಿಯನ್ನು ಇಲ್ಲಿಗೆ ತರಬೇಕಿತ್ತು, ಮಾರಾಯ,
ಇಂಟರ್ವಲ್ ಆದ ಮೇಲೆ ಇಲ್ಲಿಂದ ಶುರು ಮಾಡಬೇಕಿತ್ತು,
ನಗಿಸಬೇಕಿತ್ತು ನನ್ನನ್ನು, ಕೂತಲ್ಲಿಂದ ಬೀಳುವಂತೆ.

ಹೊರಗೆ ಬಿಸಿಲು. ಮುಸ್ತಫಾ ಅಂದ: ಟೈಂಪಾಸ್ ಆಯ್ತಲ್ಲ.
ಆಯ್ತು. ವಾರಕ್ಕೆ ನನಗಿರುವುದು
ಅದೊಂದೇ ಬೆಳಿಗ್ಗೆ.

ರಾತ್ರಿ ಹನ್ನೊಂದೂವರೆಗೆ ಶಟರ್ ಅರ್ಧ ಎಳೆದು
ಶಫೀಕುಲ್ ನನ್ನ ತಲೆಗೆ ಬಟ್ಟೆ ಕಟ್ಟಿದ.
ತಿಂಗಳಿಗೊಮ್ಮೆ ನಾನು ಅವನದು, ಅವನು ನನ್ನದು.
ಕತ್ತರಿ ಆಡತೊಡಗಿತು. ಬೇಕೆಂದೇ,
ನಿಧಾನಕ್ಕೆ, ಬಿಡಿಸಿ ಬಿಡಿಸಿ, ಕನ್ನಡದಲ್ಲಿ ಯೋಚಿಸಿದೆ:
ನೀನು ಎಡಗಡೆ ಯಾವಾಗಲೂ ಜಾಸ್ತಿ ತೆಗೆಯುತ್ತೀಯ.

ಕತ್ತರಿ ನಿಂತಿತು.
ಕ್ಯಾ ಹುವಾ, ಅಂದೆ.
ಕುಛ್ ನಹೀ, ಅಂದ,
ಬಲಗಡೆಗೆ ಬಂದ.